ಮೂಲಂಗಿ ಹೊಲದ ಚರಗ

ದೆವ್ವ, ಶಕುನ, ನಿಜವಾಗುವ ಕನಸು, ಇಂಥ ಮಾತನ್ನು ಯಾರಾದರೂ ತೆಗೆದರೆ ನಾನು ಚಹಾ ಇಡುವ ನೆಪದಲ್ಲಿ ಎದ್ದು ಹೋಗುವವಳು. ಎದ್ದು ಹೋಗಲಾಗದ ಕಡೆ ಸಿಕ್ಕಿಕೊಂಡರೆ ವಾದಕ್ಕೆ ಇಳಿಯುವವಳು. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಗ್ರಹಣದ ಹೊತ್ತಿಗೇ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಅವಲಕ್ಕಿ ಚೂಡಾ ತಿನ್ನಿಸಿ, ಮರುದಿನ ಅವರ ತಾಯಂದಿರಿಂದ ಬೈಸಿಕೊಂಡಿದ್ದೇನೆ. ಟ್ಯಾಕ್ಸಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವನ ಜೊತೆ ಚೆಂಬೂರಿನಿಂದ ದಾದರ್ ಮುಟ್ಟುವವರೆಗೂ ಜಗಳ ಆಡಿದ್ದೇನೆ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಇನ್ನೊಬ್ಬರು ಬರೆದಿದ್ದರೆ ನಾನೂ ನಗುತ್ತಿದ್ದೆ.

ನಡೆದ ಸಂಗತಿಗಿಂತ ಅದು ನಡೆದ ಜಾಗವನ್ನು ಹೇಳಲು ನನಗೆ ಹೆಚ್ಚು ನಾಚಿಕೆ. ಉಳಿದವರಿಗೆ ಇಂಥ ಅನುಭವ ಆಗುವುದು ಹಾಳು ಬಾವಿಯ ಹತ್ತಿರ, ಸ್ಮಶಾನದ ದಾರಿಯಲ್ಲಿ. ಕೇಳುವವರಿಗೂ ಒಂದು ಮರ್ಯಾದೆಯ ಭಯ ಹುಟ್ಟುತ್ತದೆ. ನನಗೆ ಆದದ್ದು ಮಗಳ ವಿಡಿಯೋ ಗೇಮಿನೊಳಗೆ.

ಮಗಳು ಸ್ನೇಹಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಕೊಂಡು ತಂದಿದ್ದಳು. ಎರಡು ಕೈಯಲ್ಲಿ ಹಿಡಿದು ಆಡುವಂಥದ್ದು, ನಡುವೆ ಪರದೆ, ಆಚೀಚೆ ಗುಂಡಿಗಳು. ಅದರಲ್ಲಿ ಒಂದು ಹೊಲದ ಆಟವಿತ್ತು. ಒಂದು ಚಿಕ್ಕ ಮನೆ, ಬೇಲಿ ಹಾಕಿದ ಒಂದಿಷ್ಟು ನೆಲ, ನಾಲ್ಕು ಕೋಳಿ. ನೆಲ ಅಗೆದು ಬೀಜ ಹಾಕಬೇಕು, ದಿನಾ ನೀರು ಹಾಕಬೇಕು, ಬೆಳೆದದ್ದನ್ನು ಕಿತ್ತು ಅಡುಗೆಯನ್ನೂ ಮಾಡಬಹುದು. ಆಟದ ಆ ದಿನ ಮುಗಿದು, ನಮ್ಮ ಬೊಂಬೆ ಮನೆಗೆ ಹೋಗಿ ಮಲಗಿದರೆ ಮಾತ್ರ ಮಾಡಿದ ಕೆಲಸ ಉಳಿಯುತ್ತದೆ. ನಡುವೆ ಬಂದ್ ಮಾಡಿದರೆ ಆ ದಿನ ಹುಟ್ಟಿಯೇ ಇರಲಿಲ್ಲ ಎನ್ನುವ ಹಾಗೆ ಅಳಿಸಿಹೋಗುತ್ತದೆ. ಸ್ನೇಹಾಗೆ ಅದು ಬಹಳ ಬೇಗ ಬೇಜಾರಾಯಿತು. ಟಿವಿ ಪಕ್ಕ ಧೂಳು ತಿನ್ನುತ್ತ ಬಿದ್ದಿತ್ತು. ನಾನು ಒರೆಸಲು ಎತ್ತಿಕೊಂಡವಳು ಕೆಳಗೆ ಇಡಲಿಲ್ಲ.

ಪಾಲಕರ ಸಭೆಯಲ್ಲಿ ನಿಂತು, ಮಕ್ಕಳ ಕೈಗೆ ಮೊಬೈಲ್ ಕೊಡುವ ನೀವು ಎಂಥ ತಾಯಂದಿರು ಎಂದು ಗದರಿದವಳು ನಾನು. ಹಾಗಾಗಿ ಕದ್ದು ಆಡುತ್ತಿದ್ದೆ. ಮಧ್ಯಾಹ್ನ ಇವರು ಮಲಗಿದ ಮೇಲೆ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಸದ್ದು ಬಂದ್ ಮಾಡಿ. ನನ್ನ ಬೊಂಬೆ ಕುಳ್ಳಗಿನ ಒಬ್ಬ ಹೆಂಗಸು. ತಲೆಗೆ ಹುಲ್ಲಿನ ಟೊಪ್ಪಿಗೆ ಹಾಕಿದ್ದೆ. ಬೇರೆ ಬೆಳೆಗಳಿಗೆ ಕಾಯುವ ತಾಳ್ಮೆ ನನಗಿಲ್ಲದ್ದರಿಂದ ಹೊಲದ ತುಂಬ ಬರೀ ಮೂಲಂಗಿ.

ಇವರು ಎಂದರೆ ನನ್ನ ಗಂಡ. ಸಿಂದಗಿ ಕಡೆಯ ಹಳ್ಳಿಯವರು, ಇಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮಾತು ಕಡಿಮೆ. ಊರಿನ ರೂಢಿಗಳಲ್ಲಿ ಎಲ್ಲವನ್ನೂ ಬಿಟ್ಟರೂ ಒಂದನ್ನು ಮಾತ್ರ ಬಿಡಲಿಲ್ಲ. ಎಳ್ಳಮವಾಸ್ಯೆಗೆ ಚರಗ ಚೆಲ್ಲುವುದು. ನಮ್ಮ ವಿಜಯಪುರದ ಕಡೆ ಆ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುವುದು ನಂಬಿಕೆ. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ಮೇಲೆ ಎರಚುತ್ತಾರೆ. ಅದೇ ಚರಗ. ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಮುಂದೆ ಚೆಲ್ಲಿಕೊಂಡು ಹೋದರೆ, ಇನ್ನೊಬ್ಬರು ‘ಚಲ್ಲಾಂಬ್ರಿಗೋ’ ಎನ್ನುತ್ತ ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸಿಕೊಂಡು ಬರಬೇಕು. ಅದಕ್ಕೆ ಇಬ್ಬರು ಬೇಕು.

ಚೆಂಬೂರಿನಲ್ಲಿ ಹೊಲ ಎಲ್ಲಿಂದ ಬರಬೇಕು? ಇವರು ಬಿಲ್ಡಿಂಗ್ ಹಿಂದಿನ ತೋಟದ ಪಟ್ಟಿಯಲ್ಲಿ, ಕ್ರೋಟನ್ ಗಿಡಗಳ ನಡುವೆ ಚೆಲ್ಲುತ್ತಿದ್ದರು. ಪ್ರತಿ ವರ್ಷ ನನ್ನನ್ನು ಕರೆಯುತ್ತಿದ್ದರು. ನಾನು ಒಂದು ಸಲವೂ ಇಳಿದು ಹೋಗಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳು ಅದೇ ಬಿಲ್ಡಿಂಗಿನಲ್ಲಿ. ವಿಜ್ಞಾನದ ಟೀಚರು ಕಡಬು ಎರಚುತ್ತ ಕೂಗುವುದನ್ನು ಅವರು ನೋಡಬೇಕೇನು? ಇವರು ಒಬ್ಬರೇ ಒಂದು ಹಿಡಿ ಚೆಲ್ಲಿ, ಮತ್ತೆ ಹಿಂದೆ ಬಂದು ತಂಬಿಗೆ ಎತ್ತಿಕೊಂಡು ನೀರು ಹಾಕಿ, ಮತ್ತೆ ಮುಂದೆ ಹೋಗುತ್ತಿದ್ದರು. ನಾನು ಕಿಟಕಿಯಿಂದ ನೋಡಿ, ಕಾಗೆಗಳಿಗೆ ಇವತ್ತು ಪಾರ್ಟಿ ಎನ್ನುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಇವರಿಗೆ ಎದೆನೋವು ಕಾಣಿಸಿಕೊಂಡು, ಬೈಪಾಸ್ ಮಾಡಲೇಬೇಕು ಎಂದು ಡಾಕ್ಟರು ಹೇಳಿದರು. ಹೃದಯ ದುರ್ಬಲವಾಗಿದೆ, ಅಪಾಯ ಇಲ್ಲ ಅನ್ನಲಾರೆ ಎಂದೂ ಹೇಳಿದರು. ಸಿಕ್ಕ ದಿನ ಎಳ್ಳಮವಾಸ್ಯೆ. ಜೋಗೇಶ್ವರಿಯಲ್ಲಿರುವ ಇವರ ಅಕ್ಕ ಗಂಗಕ್ಕ ಫೋನಿನಲ್ಲಿಯೇ ಅಳತೊಡಗಿದರು.

“ಅಮಾಸಿ ದಿನ ಎದಿ ಕೊಯ್ಸತಿ ಏನವಾ? ಒಂದ ವಾರ ಬಿಟ್ಟು ಮಾಡ್ಸಿದ್ರ ಏನಾಕ್ಕೈತಿ?”

ಅವರಿಗೆ ನಾನು ಚಂದ್ರನ ಕಲೆಗಳ ಪಾಠ ಮಾಡಿದೆ. ಡಾಕ್ಟರು ಮುಂದಿನ ವಾರದ ದಿನವನ್ನೂ ಕೊಡಲು ತಯಾರಿದ್ದರು. ಬೇಡ, ಇದೇ ಇರಲಿ ಎಂದವಳು ನಾನು. ಹಾಗಾಗಿ ಏನಾದರೂ ಹೆಚ್ಚುಕಡಿಮೆ ಆದರೆ ಅದು ನನ್ನ ತಲೆಗೇ ಬರುವುದಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಇವರನ್ನು ಸ್ಟ್ರೆಚರಿನ ಮೇಲೆ ಆಪರೇಷನ್ ಥಿಯೇಟರಿಗೆ ಒಯ್ಯುವಾಗ ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಇವರು ನನ್ನ ಸೆರಗಿನ ತುದಿ ಹಿಡಿದುಕೊಂಡು, “ಇವತ್ತ ಚರಗ ಇತ್ತು,” ಎಂದರು.

“ಬಂದ ಮ್ಯಾಲ ಮಾಡೂಣಂತ. ಸುಮ್ಮ ಹೋಗ್ರಿ.”

“ನೀ ಚೆಲ್ಲತಿ ಏನು?”

ನಾನು ಹೂಂ ಎಂದೆ. ಆ ಹೊತ್ತಿನಲ್ಲಿ ಚಂದ್ರನನ್ನು ಕಿತ್ತು ತಾ ಎಂದಿದ್ದರೂ ಹೂಂ ಎನ್ನುತ್ತಿದ್ದೆ. ಸೆರಗು ಬಿಟ್ಟರು, ಬಾಗಿಲು ಮುಚ್ಚಿತು.

ಸ್ನೇಹಾ ಇನ್ಶೂರೆನ್ಸಿನ ಕೆಲಸಕ್ಕೆಂದು ಕೆಳಗಿನ ಮಹಡಿಗೆ ಹೋದಳು. ಕಾರಿಡಾರಿನಲ್ಲಿ ನಾನೊಬ್ಬಳೇ ಉಳಿದೆ. ಪೇಷಂಟಿನ ಹೆಸರು ಯಾವಾಗ ಬೇಕಾದರೂ ಕರೆಯುತ್ತಾರೆ, ಮನೆಯವರು ಒಬ್ಬರಾದರೂ ಇಲ್ಲೇ ಇರಬೇಕು ಎಂದು ನರ್ಸ್ ಹೇಳಿ ಹೋಗಿದ್ದಳು. ಎದುರಿಗೆ ಮುಚ್ಚಿದ ಬಾಗಿಲು, ಕೆಳಗೆ ಬಿಳಿ ಟೈಲ್ಸ್, ಮೂಲೆಯಲ್ಲಿ ಒಂದು ಕುಂಡ. ಅದರಲ್ಲಿದ್ದದ್ದೂ ಪ್ಲಾಸ್ಟಿಕ್ ಗಿಡ. ನನಗೆ ಕೂರಲು ಆಗಲಿಲ್ಲ, ನಿಲ್ಲಲು ಆಗಲಿಲ್ಲ. ಚೆಲ್ಲುತ್ತೇನೆ ಎಂದು ಹೂಂ ಅಂದುಬಿಟ್ಟಿದ್ದೆ. ಚೆಲ್ಲಲು ಒಂದು ಹಿಡಿ ಮಣ್ಣು ಇಲ್ಲ, ಹೊರಗೆ ಹೋಗುವ ಹಾಗಿಲ್ಲ.

ಬ್ಯಾಗಿನಲ್ಲಿ ಥರ್ಮಾಸಿನ ಕೆಳಗೆ ಆ ಗೇಮ್ ಇತ್ತು. ಯಾರೋ ಮರೆತು ಇಟ್ಟದ್ದಲ್ಲ. ಇವರ ಎದೆ ಸೀಳುವ ದಿನವೇ, ಹೊತ್ತು ಹೋಗಲಿಕ್ಕೆಂದು ನಾನೇ ಇಟ್ಟುಕೊಂಡು ಬಂದಿದ್ದೆ. ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ತೆಗೆದೆ, ಶಾಲು ಮುಚ್ಚಿಕೊಂಡು ಅದರೊಳಗೆ ಆಡತೊಡಗಿದೆ. ಪಕ್ಕದ ಬೆಂಚಿನಲ್ಲಿದ್ದ ಗುಜರಾತಿ ಹೆಂಗಸು ಜಪ ಮಾಡುತ್ತಿದ್ದಾಳೆ ಎಂದುಕೊಂಡಳೇನೋ, ಗೌರವದಿಂದ ಸ್ವಲ್ಪ ಸರಿದು ಕೂತಳು.

ಆಟದಲ್ಲಿ ಆಗತಾನೆ ಬೆಳಗಾಗಿತ್ತು. ನೆಲ ಒಣಗಿತ್ತು. ಬೊಂಬೆಯ ಚೀಲದಲ್ಲಿ ಹಿಂದಿನ ದಿನ ಮಾಡಿಟ್ಟ ಕುಂಬಳಕಾಯಿಯ ಅಡುಗೆ ಒಂದಷ್ಟು ಇತ್ತು. ಅದನ್ನು ನೋಡಿದ್ದೇ ಆ ಯೋಚನೆ ಬಂತು. ಇದೂ ಹೊಲವೇ ಅಲ್ಲವೇ, ಇದರಲ್ಲೇ ಚೆಲ್ಲಿಬಿಟ್ಟರೆ? ಮೊದಲು ನನಗೇ ನಗು ಬಂತು. ಆಮೇಲೆ ನಗು ನಿಂತಿತು. ಬೊಂಬೆಯನ್ನು ಹೊಲದ ಅಂಚಿಗೆ ಒಯ್ದು, ಒಂದೊಂದೇ ತಟ್ಟೆಯನ್ನು ಮೂಲಂಗಿಯ ಸಾಲಿನಲ್ಲಿ ಇಡಿಸುತ್ತ ಹೋದೆ. ಶಾಲಿನೊಳಗೆ ಯಾರಿಗೂ ಕೇಳದ ಹಾಗೆ ಹುಲ್ಲುಲ್ಲಿಗೋ ಎಂದೂ ಅಂದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಇವರು ಬದುಕಿ ಬರಲಿ ಎಂದು ನಾನು ಯಾವ ದೇವರಿಗೂ ಕೈ ಮುಗಿದಿರಲಿಲ್ಲ. ಕೊನೆಗೆ ಬೇಡಿಕೊಂಡದ್ದು ಆ ಮೂಲಂಗಿ ಹೊಲಕ್ಕೆ.

ಅರ್ಧ ಹೊಲ ದಾಟಿದಾಗ ಗಮನಿಸಿದೆ. ಆ ಆಟದಲ್ಲಿ ಒಣ ನೆಲ ತಿಳಿಯಾಗಿ ಕಾಣುತ್ತದೆ, ನೀರು ಹಾಕಿದ ನೆಲ ಕಪ್ಪಾಗುತ್ತದೆ. ನಾನು ಚೆಲ್ಲಿಕೊಂಡು ಬಂದ ಸಾಲುಗಳೆಲ್ಲ ಕಪ್ಪಾಗಿದ್ದವು, ಮುಂದಿನವು ತಿಳಿಯಾಗಿದ್ದವು. ನೀರು ಹಾಕಿದರೆ ಬೊಂಬೆಯ ಶಕ್ತಿ ತೋರಿಸುವ ಪಟ್ಟಿ ಇಳಿಯುತ್ತದೆ. ಅದು ತುಂಬಿಯೇ ಇತ್ತು, ಅಂದರೆ ನೀರು ಹಾಕಿದವಳು ನಾನಲ್ಲ. ಹಿಂದಿನ ಸಾಲಿನ ಕೊನೆಗೆ ಒಬ್ಬ ಮನುಷ್ಯ ನಿಂತಿದ್ದ. ಆ ಊರಿನ ಎಲ್ಲ ಬೊಂಬೆಗಳ ಪರಿಚಯ ನನಗಿತ್ತು, ಇವನನ್ನು ನೋಡಿರಲಿಲ್ಲ. ಬಿಳಿ ಅಂಗಿ, ಕೈಯಲ್ಲಿ ಸೊಂಡಿಲಿನಂಥ ಮೂತಿಯ, ಗಿಡಕ್ಕೆ ನೀರು ಹಾಕುವ ಹಸಿರು ಡಬ್ಬಿ. ಯಾರಾದರೂ ನಮ್ಮ ಜೊತೆ ಮಾತಾಡಬೇಕೆಂದಿದ್ದರೆ ಅವರ ತಲೆಯ ಮೇಲೆ ಒಂದು ಗುಳ್ಳೆ ಮೂಡುತ್ತದೆ. ಅವನ ತಲೆಯ ಮೇಲೆ ಗುಳ್ಳೆ ಬಂದು ಬಂದು ಹೋಗುತ್ತಿತ್ತು.

ಹೊಸಬ ಯಾರೋ, ಆಮೇಲೆ ಮಾತಾಡಿಸಿದರಾಯಿತು ಎಂದುಕೊಂಡೆ. ಮೊದಲು ಚರಗ ಮುಗಿಯಲಿ. ಮುಂದಿನ ಸಾಲಿಗೆ ಹೋದೆ. ಅವನೂ ಒಂದು ಸಾಲು ಮುಂದೆ ಬಂದ, ಅವನ ಸುತ್ತಲಿನ ನೆಲ ಕಪ್ಪಾಯಿತು. ಗುಳ್ಳೆ ಇನ್ನೂ ಮೂಡುತ್ತಿತ್ತು. ಮೇಲಿನಿಂದ ನೋಡುವ ನನಗೆ ಇಬ್ಬರೂ ಕಾಣುತ್ತಿದ್ದರು. ನನ್ನ ಟೊಪ್ಪಿಗೆಯ ಹೆಂಗಸು ಮಾತ್ರ ಅವನಿಗೆ ಬೆನ್ನು ಹಾಕಿ ನಡೆಯುತ್ತಲೇ ಇದ್ದಳು. ನಡೆಸುತ್ತಿದ್ದವಳು ನಾನೇ.

“ಏನ ಮಾಡಾಕತ್ತೀಯವಾ?”

ಗಂಗಕ್ಕ ಎದುರಿಗೆ ನಿಂತಿದ್ದರು. ಜೋಗೇಶ್ವರಿಯಿಂದ ಎರಡು ಲೋಕಲ್ ರೈಲು ಬದಲಿಸಿಕೊಂಡು ಬೆವರಿಳಿಸುತ್ತ ಬಂದಿದ್ದರು. ಶಾಲಿನೊಳಗೇ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ಬಂದ್ ಮಾಡಿ, ಬ್ಯಾಗಿಗೆ ತುರುಕಿದೆ.

“ಕಡಬು, ಪಲ್ಯ ಎಲ್ಲಾ ಮಾಡ್ಕೊಂಡ ಬಂದಿದ್ದೆ. ಹೊರಗಿನ ಊಟ ಒಳಗ ಬಿಡಂಗಿಲ್ಲಂತ, ಸೆಕ್ಯುರಿಟಿಯಾಂವ ಡಬ್ಬಿ ಕೆಳಗ ಇಟ್ಕೊಂಡ. ಚರಗ ಏನ ಮಾಡೂದು ಈಗ?”

“ಆತ್ರಿ ಅಕ್ಕಾ. ನಾ ಚೆಲ್ಲೀನಿ.”

ಬಾಯಿಂದ ಹಾಗೇ ಬಂತು. ಎಲ್ಲಿ ಎಂದು ಅವರು ಕೇಳಲಿಲ್ಲ. ನನ್ನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. “ನಮ್ಮ ತಮ್ಮ ಪುಣ್ಯಾ ಮಾಡ್ಯಾನ,” ಎಂದರು. ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಆಪರೇಷನ್ ಚೆನ್ನಾಗಿ ಆಗಿದೆ ಎಂದರು. ಮಾಸ್ಕ್ ಬಿಚ್ಚುತ್ತ, ಏನೂ ದೊಡ್ಡ ಮಾತಲ್ಲ ಎನ್ನುವ ಹಾಗೆ, “ಹಾರ್ಟ್ ಫಿರ್ ಸೇ ಚಾಲೂ ಹೋನೇ ಮೇ ಥೋಡಾ ಸತಾಯಾ, ಲೇಕಿನ್ ಅಬ್ ಠೀಕ್ ಹೈ,” ಎಂದು ಸೇರಿಸಿದರು. ಆಪರೇಷನ್ನಿಗೆಂದು ನಿಲ್ಲಿಸಿದ್ದ ಹೃದಯ ಮತ್ತೆ ಹೊಡೆದುಕೊಳ್ಳಲು ಸತಾಯಿಸಿತ್ತು. ಯಾವಾಗ, ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ. ಆಗ ಕೇಳಬೇಕೆಂದು ಹೊಳೆಯಲಿಲ್ಲ. ಈಗ ಕೇಳುವ ಧೈರ್ಯವಿಲ್ಲ.

ಮರುದಿನ ಐಸಿಯುಗೆ ಒಬ್ಬರನ್ನೇ ಬಿಟ್ಟರು. ನಾನು ಹೋದೆ. ಗಂಗಕ್ಕ ಆಗಲಿ ಸ್ನೇಹಾ ಆಗಲಿ ಇನ್ನೂ ಇವರನ್ನು ನೋಡಿರಲಿಲ್ಲ. ಗಂಟಲಿನ ನಳಿಗೆ ತೆಗೆದಿದ್ದರು, ದನಿ ಒಡೆದುಹೋಗಿತ್ತು. ನಾನು ಬಗ್ಗಿ ಕಿವಿ ಕೊಟ್ಟೆ. ನೀರು ಕೇಳುತ್ತಾರೆ ಎಂದುಕೊಂಡಿದ್ದೆ.

“ಬರೀ ಮೂಲಂಗಿ ಹಾಕೀ ಅಲ್ಲ, ಜ್ವಾಳ ಯಾಕ ಹಾಕಲಿಲ್ಲ?” ಎಂದರು.

ನಾನು ಮಂಚದ ಸರಳು ಹಿಡಿದುಕೊಂಡೆ. ಇವರು ಮಾತ್ರ ನಗುತ್ತಿದ್ದರು. ನಡುನಡುವೆ ನಿಂತು, ಉಸಿರು ತೆಗೆದುಕೊಂಡು ಹೇಳಿದರು.

“ತಲೀಗೆ ಹುಲ್ಲಿನ ಟೊಪ್ಪಿಗಿ ಬ್ಯಾರೆ. ನೀ ಮುಂದ ಚೆಲ್ಲಕೋಂತ ಹೊಂಟಿದ್ದಿ. ನಾ ಹಿಂದಿಂದ ನೀರ ಹಾಕ್ಕೋಂತ ಬಂದೆ. ತಂಬಿಗಿ ಸಿಗಲಿಲ್ಲ, ಎಂಥದೋ ಮೂತಿ ಡಬ್ಬಿ ಇತ್ತು. ಎಷ್ಟ ಕರದೆ ನಿನಗ. ಒಮ್ಮೇರ ತಿರಗಿ ನೋಡಲಿಲ್ಲ. ಈಗ ತಿರಗತಿ, ಆಗ ತಿರಗತಿ ಅನ್ನೂದ್ರಾಗ ಒಮ್ಮಿಂದೊಮ್ಮೆಲೆ ಕತ್ತಲಾತು.”

ಇಷ್ಟು ಹೇಳಿ ನಿದ್ದೆ ಹೋದರು. ನಾನು ಹೊರಗೆ ಬಂದು ಆ ಪ್ಲಾಸ್ಟಿಕ್ ಗಿಡದ ಪಕ್ಕ ಕೂತು ಅತ್ತೆ. ಗಂಡ ಬದುಕಿದ ಸಂತೋಷಕ್ಕೆ ಅಳುತ್ತಿದ್ದೇನೆಂದು ಎಲ್ಲರೂ ಸಮಾಧಾನ ಮಾಡಿದರು.

ಮನೆಗೆ ಬಂದ ಮೇಲೆ ಆಟ ತೆರೆದು ನೋಡಿದೆ. ನಡುವೆಯೇ ಬಂದ್ ಮಾಡಿದ್ದರಿಂದ ಆ ದಿನ ಉಳಿದಿರಲಿಲ್ಲ. ಒಣ ನೆಲ, ಚೀಲದಲ್ಲಿ ಹಾಗೇ ಇರುವ ಕುಂಬಳಕಾಯಿ. ಎಷ್ಟು ಹೊತ್ತು ಕಾದರೂ ಯಾರೂ ಬರಲಿಲ್ಲ. ಸ್ನೇಹಾಳನ್ನು ಸುತ್ತುಬಳಸಿ ಕೇಳಿದೆ.

“ಅಂಥಾ ಆದ್ಮೀ ಯಾರೂ ಇಲ್ಲ ಅಮ್ಮಾ ಅದರಲ್ಲಿ. ನೀನೇ ಪಾನೀ ಹಾಕಿ ಮರತಿ ಇರಬೇಕು. ಟೆನ್ಶನ್ ಇತ್ತಲ್ಲ ಆವತ್ತು,” ಎಂದಳು. ಆಮೇಲೆ ನನ್ನನ್ನೇ ನೋಡಿ, “ನೀನು ಆಡ್ತಿದ್ದೆಯಾ ಇದನ್ನ?” ಎಂದು ಬಿದ್ದು ಬಿದ್ದು ನಕ್ಕಳು. ಅಪ್ಪನಿಗೆ ಹೇಳಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡೆ.

ನೀವು ಹೇಳುವುದನ್ನೆಲ್ಲ ನಾನೂ ಹೇಳಿಕೊಂಡಿದ್ದೇನೆ. ಅರಿವಳಿಕೆಯಲ್ಲಿ ಕನಸು ಬೀಳುತ್ತವೆ. ಚರಗ ಇವರ ಮನಸ್ಸಿನಲ್ಲಿ ಇದ್ದೇ ಇತ್ತು. ಎಂದೋ ಒಂದು ಮಧ್ಯಾಹ್ನ ನಿದ್ದೆಯಿಂದೆದ್ದು ಅಡುಗೆಮನೆಗೆ ಬಂದಾಗ ನನ್ನ ಹೆಗಲ ಮೇಲಿಂದ ಟೊಪ್ಪಿಗೆಯನ್ನೂ ಮೂಲಂಗಿಯನ್ನೂ ನೋಡಿರಬಹುದು. ಇನ್ನು ನಾನು ಕಂಡದ್ದು ಹೆದರಿದವಳ ಕಣ್ಣು ಕಂಡದ್ದು. ಒಂದೊಂದನ್ನೂ ಬಿಡಿಸಿ ಇಟ್ಟರೆ ಸರಿಯಾಗುತ್ತದೆ. ನನ್ನ ಕಣ್ಣಿಗೆ ಕಂಡದ್ದು, ಇವರ ಬಾಯಿಂದ ಬಂದದ್ದು, ಎರಡನ್ನೂ ಜೊತೆಗಿಟ್ಟರೆ ಮಾತ್ರ ನನ್ನ ವಿಜ್ಞಾನ ಕೈ ಚೆಲ್ಲುತ್ತದೆ. ಇವರು ಕಂಡ ಹೊಲದಲ್ಲಿ ಕತ್ತಲಾದದ್ದು ಯಾಕೆ ಎಂಬುದನ್ನು ನಾನು ಯೋಚಿಸಲು ಹೋಗುವುದಿಲ್ಲ.

ಇವರಿಗೆ ಎಲ್ಲ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಗಂಗಕ್ಕ ಊರಿಗೆಲ್ಲ ಫೋನ್ ಮಾಡಿದ್ದರು. ಜನ್ಮದಲ್ಲಿ ದೇವರಿಗೆ ಒಂದು ಊದಿನಕಡ್ಡಿ ಹಚ್ಚದವಳು, ಗಂಡನ ಆಪರೇಷನ್ ದಿನ ಆಸ್ಪತ್ರೆಯ ತೋಟದಲ್ಲಿ ಬರಿಗಾಲಲ್ಲಿ ಚರಗ ಚೆಲ್ಲಿದಳಂತೆ. ತೋಟ ಎಲ್ಲಿಂದ ಬಂತೋ, ಬರಿಗಾಲು ಎಲ್ಲಿಂದ ಬಂತೋ. ನಮ್ಮ ಮಹಿಳಾ ಮಂಡಳದಲ್ಲಿ ಅರಿಶಿನ ಕುಂಕುಮದ ದಿನ ನನ್ನನ್ನು ನಡುವೆ ಕೂರಿಸಿ ಆರತಿ ಮಾಡಿ ಉಡಿ ತುಂಬಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಷ್ಟು ವಿನಯ ನೋಡಿ ಎಂದರು. ಇವರೂ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ, ಹೇಳುವಾಗ ಇವರ ಮುಖ ಅರಳುತ್ತದೆ. ಆ ಮುಖದ ಎದುರಿಗೆ, ರೀ, ನೀವು ಸಾವಿನ ಬಾಯಲ್ಲಿದ್ದಾಗ ನಾನು ಶಾಲಿನೊಳಗೆ ಆಟ ಆಡುತ್ತಿದ್ದೆ, ನೀವು ಕರೆದದ್ದು ಕಂಡಿತ್ತು, ಆಮೇಲೆ ನೋಡಿದರಾಯಿತು ಅಂದುಕೊಂಡೆ ಎಂದು ಹೇಗೆ ಹೇಳಲಿ?

ಈಗ ಇವರು ಯಾವ ಕೋಣೆಯಿಂದ ಕರೆದರೂ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತೇನೆ. ಮೊನ್ನೆ ಒಗ್ಗರಣೆ ಹೊತ್ತಿಹೋಯಿತು. “ಕನ್ನಡಕ ಎಲ್ಲೈತಿ ಅಂತ ಕೇಳಿದ್ನಿ. ಅದಕ್ಕ ಹಿಂಗ ಓಡಿ ಬರೂದ ಏನೈತಿ?” ಎಂದು ಇವರೇ ಬೈದರು.

ಆಪರೇಷನ್ ಆದ ಮರುವರ್ಷದ ಎಳ್ಳಮವಾಸ್ಯೆಗೆ, ಕರೆಯುವ ಮೊದಲೇ ನಾನು ತಟ್ಟೆ ಹಿಡಿದು ಕೆಳಗೆ ಇಳಿದೆ. ಇವರು ತಂಬಿಗೆ ತಂದರು. ಇಡೀ ಬಿಲ್ಡಿಂಗ್ ಬಾಲ್ಕನಿಯಲ್ಲಿತ್ತು. ಕ್ರೋಟನ್ ಗಿಡಗಳ ನಡುವೆ ನಾನು ಮುಂದೆ ಚೆಲ್ಲುತ್ತ ಹೋದೆ, ಹಿಂದಿನಿಂದ ನೀರು ಬೀಳುವ ಸದ್ದು ಬರುತ್ತಿತ್ತು. ನನಗೆ ಬೆನ್ನೆಲ್ಲ ಕಣ್ಣಾಗಿತ್ತು. ನಡುವೆ ಇವರು ಮೆಲ್ಲಗೆ ನನ್ನ ಹೆಸರು ಹಿಡಿದು ಕರೆದರು. ಗಕ್ಕನೆ ತಿರುಗಿದೆ. ತಿರುಗಿದ ರಭಸಕ್ಕೆ ತಟ್ಟೆ ಕೈಜಾರಿ ಕಡಬೆಲ್ಲ ಮಣ್ಣಿಗೆ ಬಿದ್ದವು. ಇವರು ಏನೂ ಬೇಕಾಗಿರದ ಹಾಗೆ, ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದರು.

“ಏನ್ರೀ?” ಎಂದೆ.

“ಏನಿಲ್ಲ. ಈ ಸಲ ಕೇಳಸ್ತಲ್ಲ,” ಎಂದರು.

ಅದು ತಮಾಷೆಯೋ, ಇವರಿಗೆ ಎಲ್ಲ ಗೊತ್ತಿದೆಯೋ, ಇವತ್ತಿಗೂ ನನಗೆ ತಿಳಿದಿಲ್ಲ. ನಾನು ಬಗ್ಗಿ ಬಿದ್ದ ಕಡಬು ಆರಿಸತೊಡಗಿದೆ. ಇವರು ಬಿಡು ಎಂದರು, ಬಿದ್ದದ್ದು ಹೊಲದ್ದು ಎಂದರು. ಆದರೂ ನಾನು ಬಹಳ ಹೊತ್ತು ಆರಿಸುತ್ತಲೇ ಇದ್ದೆ, ತಲೆ ಎತ್ತಿ ಇವರ ಮುಖ ನೋಡಲು ಆಗಲಿಲ್ಲ.